ಐದನೇ ಕಂಬ ಮತ್ತು ಗಾಂಧಿ ಕ್ಲಾಸಿನ ಸಿಳ್ಳೆ

1

ಈ ಲೇಖನವನ್ನು ಒಂದು ತಪ್ಪೊಪ್ಪಿಗೆಯಿಂದ ಶುರು ಮಾಡಬೇಕಾಗಿದೆ. ದಲಿತ ವಿಮರ್ಶೆ ಅಂದರೆ ಬೇರೆಯವರ ತಪ್ಪುಗಳ ಪಟ್ಟಿ ಎಂದು ತಿಳಿದಿರುವ ಗೆಳೆಯರು ನನಗಿದ್ದಾರೆ. ನನ್ನ ಮಟ್ಟಿಗೆ ಅದು ಮೊದಲು ನನ್ನ ಒಳಗೇ ಬಂದು ಕೂತಿರುವ ಯಜಮಾನನನ್ನು ಗುರುತಿಸುವ ಕೆಲಸ.

2022ರ ಮಾರ್ಚ್ ತಿಂಗಳು. ನಾಗರಾಜ ಮಂಜುಳೆಯವರ 'ಝುಂಡ್' ಬಿಡುಗಡೆಯಾಗಿತ್ತು. ಆಗಷ್ಟೇ ಅತಿಥಿ ಉಪನ್ಯಾಸಕನಾಗಿ ಸೇರಿದ್ದ ನಾನು ಊರಿಂದ ಅಪ್ಪನನ್ನು ಕರೆಸಿಕೊಂಡು ಮೈಸೂರಿನ ಒಂದು ಮಲ್ಟಿಪ್ಲೆಕ್ಸಿಗೆ ಹೋದೆ. ಅಪ್ಪನಿಗೆ ಹಿಂದಿ ಬಾರದು. 'ಅಮಿತಾಬಚ್ಚನ್ನು ಬಾಬಾಸಾಹೇಬ್ರ ಫೋಟೋಕ್ ಕೈ ಮುಗಿತಾನಂತಲ್ಲ ಮಗ, ಅದ್ನೊಂದ್ ನೋಡ್ಬೇಕು' ಅಂದಿದ್ದ. ಅಷ್ಟು ಸಾಕಾಗಿತ್ತು. ಒಳಗೆ ಮೊದಲು ರಾಷ್ಟ್ರಗೀತೆ ಹಾಕಿದರು. 'ಎದ್ದೇಳಪ್ಪ' ಅಂದೆ. ಎದ್ದು ನಿಂತ. ಆಮೇಲೆ ಸಿನಿಮಾ ಸಾಗಿ, ಕೊಳಗೇರಿಯ ಹುಡುಗರು ಅಂಬೇಡ್ಕರ್ ಜಯಂತಿ ಮಾಡುವ ಭಾಗ ಬಂತು. ಪರದೆಯ ತುಂಬ ಬಾಬಾಸಾಹೇಬರ ಚಿತ್ರ. ನನ್ನ ಪಕ್ಕದಲ್ಲಿ ಅಪ್ಪ ಎದ್ದು ನಿಂತು, ಎಡಗೈ ಮೇಲೆತ್ತಿ, ಕೇರಿಯಲ್ಲಿ ಕೂಗುವ ಅದೇ ದನಿಯಲ್ಲಿ 'ಜೈ ಭೀಮ್' ಎಂದು ಕೂಗಿದ. ಹಿಂದಿನ ಸಾಲಿಂದ ಒಂದು 'ಶ್' ಬಂತು. ಅದಕ್ಕಿಂತ ಮುಂಚೆ ಇನ್ನೊಂದು 'ಶ್' ಹೊರಟಾಗಿತ್ತು. ಅದು ನನ್ನದು. ನಾನು ಅಪ್ಪನ ಅಂಗಿ ಹಿಡಿದು ಕೆಳಗೆ ಎಳೆದಿದ್ದೆ.

ಹೊರಗೆ ಬಂದ ಮೇಲೆ ಬಸ್ಸಿಗೆ ಕಾಯುವಾಗ ಅಪ್ಪ ಕೇಳಿದ: 'ಮೊದ್ಲು ಎದ್ದ್ ನಿಂತ್ಕೊ ಅಂದೆ, ಆಮೇಕ್ ಕೂತ್ಕೊ ಅಂದೆ. ಯಾವ್ದುಕ್ ಏಳ್ಬೇಕು, ಯಾವ್ದುಕ್ ಕೂತ್ಕಬೇಕು ಅಂತ ಅಲ್ಲೆಲ್ಲಾರ ಬರ್ದವ್ರಾ?'

'ಇಲ್ಲಿ ಹಂಗೆಲ್ಲಾ ಕೂಗ್ಬಾರ್ದು ಕಣಪ್ಪ' ಅಂದೆ.

'ಸಿನಿಮಾಕೆ ಅಂತ ಕರ್ಕಬಂದು ದೇವಸ್ಥಾನಕ್ ಕೂರ್ಸಿದ್ದೀಯಲ್ಲ ಮಗ' ಅಂದ. ನಮ್ಮಂಥವರ ಮನೆಯಲ್ಲಿ ದೇವಸ್ಥಾನ ಎಂಬ ಪದಕ್ಕೆ ಏನರ್ಥ ಎಂದು ಈ ಸಂಚಿಕೆಯ ಓದುಗರಿಗೆ ಬಿಡಿಸಿ ಹೇಳಬೇಕಿಲ್ಲ.

ಆ ಎರಡು 'ಶ್'ಗಳಲ್ಲಿ ಮೊದಲನೆಯದು ನನ್ನಿಂದ ಏಕೆ ಬಂತು? ಈ ಲೇಖನ ಅದರ ಹುಡುಕಾಟ.

2

ಸಿನಿಮಾ ಮಂದಿರದಲ್ಲಿ ಗಲಾಟೆ ಮಾಡಬಾರದು, ಫೋನಿನಲ್ಲಿ ಮಾತಾಡಬಾರದು, ಪಕ್ಕದವರಿಗೆ ತೊಂದರೆ ಕೊಡಬಾರದು ಎನ್ನುವುದು ಮೇಲುನೋಟಕ್ಕೆ ಯಾರೂ ಅಲ್ಲಗಳೆಯಲಾಗದ ನಾಗರಿಕ ಮಾತು. ಆದರೆ ಮೌನವೇ ಶ್ರೇಷ್ಠ ಪ್ರೇಕ್ಷಕನ ಲಕ್ಷಣ ಎಂಬ ತಿಳಿವಳಿಕೆ ನಮಗೆ ಮಲ್ಟಿಪ್ಲೆಕ್ಸಿನ ಜೊತೆ ಬಂದದ್ದಲ್ಲ. ದೇಶದ ಮೊದಲ ಮಲ್ಟಿಪ್ಲೆಕ್ಸು ದಿಲ್ಲಿಯಲ್ಲಿ ಶುರುವಾದದ್ದು 1997ರಲ್ಲಿ. ನಮ್ಮ ಮೌನದ ಶಾಸ್ತ್ರಕ್ಕೆ ಅದಕ್ಕಿಂತ ಬಹಳ ವಯಸ್ಸಾಗಿದೆ.

ಎಂ.ಎ. ತರಗತಿಯಲ್ಲಿ ಕಾವ್ಯಮೀಮಾಂಸೆ ಓದುವಾಗ 'ಸಹೃದಯ' ಎಂಬ ಪದವನ್ನು ನಾವೆಲ್ಲ ಭಕ್ತಿಯಿಂದ ಬರೆದುಕೊಂಡವರೇ. ಕಾವ್ಯಾಭ್ಯಾಸದಿಂದ ಮನಸ್ಸು ಕನ್ನಡಿಯಂತಾದವನು ಸಹೃದಯ. ಆ ಅಭ್ಯಾಸಕ್ಕೆ ಯಾರಿಗೆ ಬಿಡುವಿತ್ತು, ಯಾರಿಗೆ ಅವಕಾಶವಿತ್ತು ಎಂದು ಪರೀಕ್ಷೆಯಲ್ಲಿ ಯಾರೂ ಕೇಳಲಿಲ್ಲ, ನಾವೂ ಬರೆಯಲಿಲ್ಲ. ಪಾಠ ಮಾಡುವ ಸರದಿ ಬಂದಾಗ ಶ್ರೀರಂಗರ ಅನುವಾದ ಹಿಡಿದು ನಾಟ್ಯಶಾಸ್ತ್ರವನ್ನು ಮತ್ತೊಮ್ಮೆ ಓದಿದೆ. ಹಿಂದೆ ಪಾಸಾಗಲು ಓದಿದ್ದ ಪುಸ್ತಕವೇ ಈಗ ಬೇರೆ ಕಂಡಿತು.

ನಾಟ್ಯಶಾಸ್ತ್ರದ ಮೊದಲ ಅಧ್ಯಾಯವೇ ಒಂದು ಗಲಾಟೆಯ ಕತೆ. ಇಂದ್ರನ ಧ್ವಜೋತ್ಸವದಲ್ಲಿ ಮೊಟ್ಟಮೊದಲ ಪ್ರಯೋಗ ನಡೆಯುತ್ತದೆ. ವಸ್ತು, ದೇವತೆಗಳು ದೈತ್ಯರನ್ನು ಸೋಲಿಸಿದ್ದು. ದೇವತೆಗಳಿಗೆ ಖುಷಿಯಾಗಿ ಉಡುಗೊರೆ ಕೊಡುತ್ತಾರೆ. ಸಭೆಯಲ್ಲಿದ್ದ ದೈತ್ಯರಿಗೆ ತಮ್ಮ ಸೋಲನ್ನೇ ಆಟವಾಗಿ ನೋಡಬೇಕಾಗಿ ಬಂದು ಸಿಟ್ಟೇರುತ್ತದೆ. ವಿರೂಪಾಕ್ಷನ ಮುಂದಾಳುತನದಲ್ಲಿ, ಈ ನಾಟಕ ನಮಗೆ ಬೇಡ ಎಂದು ಅವರು ವಿಘ್ನಗಳನ್ನು ಎಬ್ಬಿಸಿ ನಟರ ಮಾತು, ಚಲನೆ, ನೆನಪುಗಳನ್ನು ಕಟ್ಟಿಹಾಕಿಸುತ್ತಾರೆ. ಇಂದ್ರ ಧ್ವಜದ ಕೋಲನ್ನೇ ತೆಗೆದುಕೊಂಡು ಅವರನ್ನು ಜರ್ಜರಿತರಾಗುವಂತೆ ಬಡಿಯುತ್ತಾನೆ. ಕೋಲಿಗೆ ಜರ್ಜರ ಎಂದು ಹೆಸರಾಗಿ, ಪೂಜೆಯ ವಸ್ತುವಾಗುತ್ತದೆ. ಅಷ್ಟಾದರೂ ವಿಘ್ನ ನಿಲ್ಲದಾಗ ವಿಶ್ವಕರ್ಮನಿಂದ ನಾಟ್ಯಗೃಹ ಕಟ್ಟಿಸಲಾಗುತ್ತದೆ, ಒಂದೊಂದು ಭಾಗಕ್ಕೆ ಒಬ್ಬೊಬ್ಬ ದೇವತೆಯ ಕಾವಲು.

ಅಂದರೆ ಈ ಪರಂಪರೆಯ ಪ್ರಕಾರ ರಂಗಮಂದಿರಕ್ಕೆ ಗೋಡೆ ಬಂದದ್ದೇ ಗಲಾಟೆ ಮಾಡುವ ಪ್ರೇಕ್ಷಕನನ್ನು ತಡೆಯುವುದಕ್ಕೆ. ಆ ಪ್ರೇಕ್ಷಕ ಗಲಾಟೆ ಮಾಡಿದ್ದು ಅನಾಗರಿಕನಾಗಿದ್ದ ಕಾರಣಕ್ಕಲ್ಲ, ಆಟದ ರಾಜಕೀಯ ಅವನಿಗೆ ಚೆನ್ನಾಗಿ ಅರ್ಥವಾದ ಕಾರಣಕ್ಕೆ. ದೇವತೆಗಳಿಗಾಗಿ ನಮ್ಮನ್ನು ಅವಮಾನಿಸಿದಿರಿ, ಅವರೂ ನಾವೂ ನಿಮ್ಮಿಂದಲೇ ಬಂದವರಲ್ಲವೇ ಎಂಬರ್ಥದಲ್ಲಿ ವಿರೂಪಾಕ್ಷ ಬ್ರಹ್ಮನನ್ನು ಕೇಳುತ್ತಾನೆ. ನನ್ನ ಓದಿನಲ್ಲಿ ಇದು ನಮ್ಮ ನಾಟಕಪರಂಪರೆಯ ಮೊದಲ ವಿಮರ್ಶೆ. ನಾಟಕ ಯಾರೊಬ್ಬರದೂ ಅಲ್ಲ, ಮೂರು ಲೋಕದ ಅನುಕರಣೆ ಎಂದು ಬ್ರಹ್ಮ ಸಮಾಧಾನ ಹೇಳುತ್ತಾನೆ. ಒಳ್ಳೆಯ ಮಾತೇ. ಆದರೆ ಆ ಮಾತು ಬಂದದ್ದು ಕೋಲಿನ ಏಟು ಬಿದ್ದ ಮೇಲೆ.

ಎರಡನೇ ಅಧ್ಯಾಯದಲ್ಲಿ ಮಂದಿರ ಕಟ್ಟುವ ಕ್ರಮ ಬರುತ್ತದೆ. ಬ್ರಾಹ್ಮಣ ಕಂಬ, ಕ್ಷತ್ರಿಯ ಕಂಬ, ವೈಶ್ಯ ಕಂಬ, ಶೂದ್ರ ಕಂಬ ಎಂದು ನಾಲ್ಕು ಕಂಬ. ಬ್ರಾಹ್ಮಣ ಕಂಬದ ಬುಡಕ್ಕೆ ಚಿನ್ನ, ಶೂದ್ರ ಕಂಬದ ಬುಡಕ್ಕೆ ಕಬ್ಬಿಣ. ವೇದ ಕೇಳಬಾರದ ಶೂದ್ರರೂ ಸೇರಿ ಎಲ್ಲ ವರ್ಣದವರಿಗಾಗಿ ಹುಟ್ಟಿದ ಐದನೇ ವೇದ ನಾಟ್ಯ ಎಂದು ನಮ್ಮ ಮೇಷ್ಟ್ರುಗಳು ಹೆಮ್ಮೆಯಿಂದ ಹೇಳುತ್ತಿದ್ದರು. ಐದನೇ ವೇದ ಇದೆ ನಿಜ. ಐದನೇ ಕಂಬ ಎಲ್ಲಿದೆ? ಪಂಚಮರು ಯಾವ ಕಂಬಕ್ಕೆ ಒರಗಿ ನಾಟಕ ನೋಡಬೇಕಿತ್ತು?

ಇನ್ನು ಸಿದ್ಧಿಯ ಅಧ್ಯಾಯ. ಪ್ರಯೋಗ ಗೆದ್ದಿದೆ ಎಂದು ಹೇಗೆ ತಿಳಿಯುವುದು? ನಗು, ಭಲೆ ಎನ್ನುವ ಉದ್ಗಾರ, ಅಯ್ಯೋ ಎನ್ನುವ ಮರುಕ, ಎದ್ದು ನಿಲ್ಲುವುದು, ಬಟ್ಟೆ ಉಂಗುರ ಎಸೆಯುವುದು ಇವೆಲ್ಲ 'ಮಾನುಷಿ' ಸಿದ್ಧಿ. ಸದ್ದಿಲ್ಲದೆ, ಕ್ಷೋಭೆಯಿಲ್ಲದೆ ರಂಗ ತುಂಬಿದ್ದರೆ ಅದು 'ದೈವಿಕಿ' ಸಿದ್ಧಿ. ಸದ್ದು ಮನುಷ್ಯರದು, ಮೌನ ದೇವರದು. ಭರತನಿಗೆ ಒಂದು ಮಾತಿನಲ್ಲಿ ನ್ಯಾಯ ಸಲ್ಲಿಸಬೇಕು. ಅವನು ಮನುಷ್ಯರ ಸದ್ದನ್ನು ಸೋಲು ಎನ್ನಲಿಲ್ಲ, ಗೆಲುವಿನ ಪಟ್ಟಿಯಲ್ಲೇ ಇಟ್ಟ. ಎದ್ದು ನಿಂತ ಪ್ರೇಕ್ಷಕ ಅವನಿಗೆ ಬೇಕಾದವನು. ನಾನು ಆ ದಿನ ಕೂರಿಸಿದ್ದು ಭರತನೂ ಒಪ್ಪಬಹುದಾಗಿದ್ದ ಪ್ರೇಕ್ಷಕನನ್ನು. ಹಾಗಾದರೆ ನನ್ನ ಶಿಷ್ಟಾಚಾರ ಭರತನಿಗಿಂತ ಮಡಿಯಾಗಿತ್ತು ಅಂತಾಯಿತು.

3

ಅಪ್ಪನ ಪ್ರಾಯದ ಕಾಲದಲ್ಲಿ ನಮ್ಮೂರ ಹತ್ತಿರ ಟೆಂಟು ಬೀಳುತ್ತಿತ್ತು. ಮೈಕಿನಲ್ಲಿ ಘಂಟಸಾಲರ ತಿಮ್ಮಪ್ಪನ ಹಾಡು ಕೇಳಿದರೆ ಆಟ ಶುರುವಾಗುತ್ತದೆ ಎಂದು ಕೇರಿಯವರು ಮುದ್ದೆ ನುಂಗಿ ಓಡುತ್ತಿದ್ದರು. ಮುಂದೆ ನೆಲ, ಆಮೇಲೆ ಬೆಂಚು, ಹಿಂದೆ ಕುರ್ಚಿ. ಗಂಡಸರಿಗೂ ಹೆಂಗಸರಿಗೂ ನಡುವೆ ಒಂದು ತಡಿಕೆ. ಅದೇ ಊರಿನ ಹೋಟೆಲಿನಲ್ಲಿ ಅಪ್ಪನಿಗೆ ಬೇರೆ ಲೋಟವಿತ್ತು. ಟೆಂಟಿನಲ್ಲಿ ಬೇರೆ ನೆಲ ಇರಲಿಲ್ಲ. ಕೇರಿಯ ಹುಡುಗನೂ ಗೌಡರ ಮನೆಯ ಆಳುಮಗನೂ ಅದೇ ಮರಳಿನ ಮೇಲೆ ಮಂಡಿಗೆ ಮಂಡಿ ತಾಗಿಸಿ ಕೂರುತ್ತಿದ್ದರು. ತಮಿಳರೆಲ್ಲ ಒಂದೇ ಸೂರಿನ ಕೆಳಗೆ ಕೂತ ಮೊದಲ ಜಾಗ ಸಿನಿಮಾ ಮಂದಿರ, ಅಲ್ಲಿ ಆಸನ ಕೊಟ್ಟದ್ದು ಜಾತಿಯಲ್ಲ, ಕಾಸು ಎಂದು ಕಾರ್ತಿಗೇಸು ಶಿವತಂಬಿ 1981ರಲ್ಲಿ ವಾದಿಸಿದ್ದರು. ಅದು ನಮ್ಮ ಟೆಂಟಿಗೂ ಒಪ್ಪುವ ಮಾತು. ಆದರೆ ಕುರ್ಚಿಯ ಕಾಸು ಯಾರ ಹತ್ತಿರ ಇತ್ತು, ನೆಲದ ಕಾಸು ಯಾರ ಹತ್ತಿರ ಇತ್ತು ಎಂದು ಕೇಳಿಕೊಂಡರೆ ಜಾತಿ ಹಿಂಬಾಗಿಲಿನಿಂದ ಒಳಗೆ ಬಂದು ಕೂತಿರುವುದು ಕಾಣುತ್ತದೆ. ಊರುಗಳಲ್ಲಿ ಕಾಯಂ ಟಾಕೀಸು ಬಂದ ಮೇಲೆ ಈ ಮುಂದಿನ ಸಾಲಿಗೆ 'ಗಾಂಧಿ ಕ್ಲಾಸು' ಎಂದು ಹೆಸರಾಯಿತು. ರೈಲಿನಲ್ಲಿ ಗಾಂಧಿ ಮೂರನೇ ದರ್ಜೆಗೆ ಹತ್ತುತ್ತಿದ್ದುದು ತಮ್ಮ ಆಯ್ಕೆಯಿಂದ. ನಮ್ಮವರಿಗೆ ಬೇರೆ ಬೋಗಿ ಇರಲಿಲ್ಲ.

ಶಿವತಂಬಿಯವರ ಮಾತಿಗೆ ನಾನು ಇನ್ನೊಂದನ್ನು ಸೇರಿಸಬೇಕು. ಅದು ಕತ್ತಲೆಯ ವಿಷಯ. ಹಗಲಲ್ಲಿ ಗೌಡರ ಎದುರು ತಲೆಗೆ ಸುತ್ತಿದ ಟವಲನ್ನು ಕಂಕುಳಿಗೆ ಇಳಿಸುವ ಹುಡುಗ ರಾತ್ರಿ ಟೆಂಟಿನ ಕತ್ತಲಲ್ಲಿ ಪರದೆಯ ಮೇಲಿನ ಜಮೀನ್ದಾರನಿಗೆ 'ಲೇ ಬಡ್ಡಿಮಗನೆ' ಎಂದು ಬೈಯಬಹುದಾಗಿತ್ತು. ಬೈದವನು ಯಾರೆಂದು ಹಿಂದಿನ ಕುರ್ಚಿಗೆ ಕಾಣುತ್ತಿರಲಿಲ್ಲ. ಅಪ್ಪ ಈಗಲೂ ನಗುತ್ತ ಹೇಳುತ್ತಾನೆ: 'ನಾವ್ ಬಯ್ತಿದ್ದುದ್ದು ಪರ್ದೆ ಮೇಲಿನ್ ಗೌಡುಂಗೆ ಅಂತ ಹಿಂದಿದ್ದ ಗೌಡ್ರು ತಿಳ್ಕತಿದ್ರು.' ಸಿಳ್ಳೆಯೂ ಬೈಗುಳವೂ ಇಲ್ಲಿ ಬರೀ ಸದ್ದಲ್ಲ, ಹೆಸರು ಬರೆಯದೆ ಕೊಟ್ಟ ಅಭಿಪ್ರಾಯ. ನಮ್ಮ ಪತ್ರಿಕೆಗಳಲ್ಲಿ ವಿಮರ್ಶೆ ಬರೆಯುವ ಅವಕಾಶ ಕೇರಿಗೆ ಇಲ್ಲದಿದ್ದ ಕಾಲದಲ್ಲಿ ಕೇರಿ ವಿಮರ್ಶೆ ಬರೆದದ್ದು ಹೀಗೆ.

ಇದಕ್ಕೆ ಹಿಂದಿನ ಒಂದು ಚರಿತ್ರೆಯಿದೆ. ಸದ್ದು ಮಾಡುವುದು ನಮಗೆ ಹೇರಿದ ಕುಲಕಸುಬು. ಸಾವಿಗೆ, ಜಾತ್ರೆಗೆ, ಡಂಗುರಕ್ಕೆ ತಮಟೆ ಬಡಿಯಬೇಕಾದವರು ನಾವು. ಕೇರಳದಲ್ಲಿ ದಾರಿಯಲ್ಲಿ ನಡೆಯುವ ಅಸ್ಪೃಶ್ಯ ತಾನು ಬರುತ್ತಿದ್ದೇನೆ ಎಂದು ಕೂಗುತ್ತ ಬರಬೇಕಾಗಿತ್ತು, ಮೇಲಿನವರು ಮೈಲಿಗೆಯಾಗದಂತೆ ಸರಿದುಕೊಳ್ಳಲಿ ಎಂದು. ಬೀದಿಯಲ್ಲಿ ಸದ್ದು ಮಾಡದಿದ್ದರೆ ತಪ್ಪು, ಗುಡಿಯ ಹತ್ತಿರ, ಪಂಚಾಯ್ತಿ ಕಟ್ಟೆಯ ಹತ್ತಿರ ಬಾಯಿ ಬಿಟ್ಟರೆ ತಪ್ಪು. ಕಾರಂತರ 'ಚೋಮನ ದುಡಿ' ಕಾದಂಬರಿ ಬಂದದ್ದು 1933ರಲ್ಲಿ, ಬಿ.ವಿ. ಕಾರಂತರು ಅದನ್ನು ಸಿನಿಮಾ ಮಾಡಿದ್ದು 1975ರಲ್ಲಿ. ಭೂಮಿ ಕೇಳುವ ಚೋಮನ ಮಾತು ಯಾರಿಗೂ ತಾಗುವುದಿಲ್ಲ. ಅವನಿಗೆ ಉಳಿಯುವುದು ದುಡಿ. ಆ ಸಿನಿಮಾಕ್ಕೆ ದೇಶದ ಅತ್ಯುತ್ತಮ ಚಿತ್ರವೆಂದು ಸ್ವರ್ಣಕಮಲ ಬಂತು. ಚೋಮನ ಸದ್ದನ್ನು ಪರದೆಯ ಮೇಲೆ ಮೌನವಾಗಿ ಆಲಿಸಬಲ್ಲ ಸಹೃದಯರು ಈ ದೇಶದಲ್ಲಿ ಬೇಕಾದಷ್ಟು ಜನ. ಪಕ್ಕದ ಕುರ್ಚಿಯಲ್ಲಿ ಚೋಮನೇ ಕೂತು ಸದ್ದು ಮಾಡಿದರೆ ಏನಾಗುತ್ತದೆ ಎನ್ನುವುದು ಬೇರೆ ಪ್ರಶ್ನೆ.

ಅಪ್ಪ ದಲಿತ ಸಂಘರ್ಷ ಸಮಿತಿಯ ಪ್ರಭಾವದಿಂದ ಊರಿನ ಸಾವಿಗೆ ತಮಟೆ ಬಡಿಯುವುದನ್ನು ಬಿಟ್ಟ. ಆಮೇಲೆ ಏಪ್ರಿಲ್ 14ಕ್ಕೆ ಮಾತ್ರ ತಮಟೆ ಕೆಳಗಿಳಿಸಿ ಬೆಂಕಿಗೆ ಕಾಯಿಸುತ್ತಿದ್ದ. ಯಾರದೋ ಅಪ್ಪಣೆಗೆ ಮಾಡುವ ಸದ್ದಿಗೂ ತನ್ನ ಇಚ್ಛೆಗೆ ಮಾಡುವ ಸದ್ದಿಗೂ ಇರುವ ವ್ಯತ್ಯಾಸವನ್ನು ನನ್ನ ಯಾವ ಪಠ್ಯಪುಸ್ತಕವೂ ಇಷ್ಟು ಸ್ಪಷ್ಟವಾಗಿ ಕಲಿಸಲಿಲ್ಲ. ಮಲ್ಟಿಪ್ಲೆಕ್ಸಿನಲ್ಲಿ ಅವನು ಕೂಗಿದ್ದು ಆ ಎರಡನೆಯ ಬಗೆಯ ಸದ್ದು.

4

ಪ್ರೇಕ್ಷಕರ ಗಲಾಟೆ ಅಂದಕೂಡಲೆ ನಮ್ಮ ಕಣ್ಣಿಗೆ ಗಾಂಧಿ ಕ್ಲಾಸೇ ಬರುತ್ತದೆ. ಚರಿತ್ರೆ ಬೇರೆಯೇ ಹೇಳುತ್ತದೆ. ಮಲಯಾಳದ ಮೊದಲ ಮೂಕಿಚಿತ್ರ ಜೆ.ಸಿ. ಡೇನಿಯಲ್ ಅವರ 'ವಿಗತಕುಮಾರನ್'. ಅದರ ಬಿಡುಗಡೆಯ ವರ್ಷವನ್ನು ಕೆಲವರು 1928 ಎಂದೂ ಕೆಲವರು 1930 ಎಂದೂ ಹೇಳುತ್ತಾರೆ. ಅದರಲ್ಲಿ ನಾಯರ್ ಹೆಣ್ಣಿನ ಪಾತ್ರ ಮಾಡಿದವಳು ಪಿ.ಕೆ. ರೋಸಿ, ಪುಲಯ ಜಾತಿಯವಳು. ತಿರುವನಂತಪುರದ ಕ್ಯಾಪಿಟಲ್ ಥಿಯೇಟರಿನಲ್ಲಿ ಮೊದಲ ಪ್ರದರ್ಶನ ನಡೆದಾಗ ತಾನು ನಟಿಸಿದ ಸಿನಿಮಾ ನೋಡಲು ಅವಳನ್ನೇ ಒಳಗೆ ಬಿಡಲಿಲ್ಲ. ನಾಯರ್ ಹೆಣ್ಣಾಗಿ ಪುಲಯರವಳು ಪರದೆಯ ಮೇಲೆ ಬಂದದ್ದನ್ನು ಕಂಡ ಮೇಲುಜಾತಿಯ ಪ್ರೇಕ್ಷಕರು ಕೂಗೆಬ್ಬಿಸಿ ಪರದೆಗೆ ಕಲ್ಲು ತೂರಿದರು. ಅವಳ ಗುಡಿಸಲನ್ನು ಸುಟ್ಟರು. ಅವಳು ಊರು ಬಿಟ್ಟು ತಮಿಳು ಸೀಮೆಗೆ ಹೋಗಬೇಕಾಯಿತು, ಮತ್ತೆ ನಟಿಸಲಿಲ್ಲ. ಆ ಸಿನಿಮಾದ ಪ್ರಿಂಟೂ ಉಳಿದಿಲ್ಲ. ಸಿನಿಮಾ ಮಂದಿರದ ಶಿಷ್ಟಾಚಾರದ ಬಗ್ಗೆ ಉಪದೇಶ ಮಾಡುವವರೆಲ್ಲ ಈ ಕಲ್ಲಿನಿಂದ ಪಾಠ ಶುರು ಮಾಡಬೇಕು. ದಕ್ಷಿಣದ ಸಿನಿಮಾ ಚರಿತ್ರೆಯ ಅತಿ ಕ್ರೂರ ಗಲಾಟೆಯನ್ನು ಮಾಡಿದವರು ನೆಲದ ಮೇಲೆ ಕೂತವರಲ್ಲ.

ಇನ್ನು ಇತ್ತೀಚಿನದು. 2022ರಲ್ಲಿ 'ಕಾಂತಾರ' ನೋಡುವಾಗ ನಾನು ಕಂಡಂತೆ ಕೊನೆಯ ಭಾಗದಲ್ಲಿ ಮಲ್ಟಿಪ್ಲೆಕ್ಸಿನ ದುಬಾರಿ ಸಾಲಿನವರೂ ಎದ್ದು ಕೈ ಮುಗಿದರು, ದೈವದ ಕೂಗನ್ನು ತಾವೂ ಕೂಗಿದರು. ಯಾರೂ 'ಶ್' ಅನ್ನಲಿಲ್ಲ. ಆ ಕೂಗು ತಲೆತಲಾಂತರದಿಂದ ಪಂಬದ, ಪರವ, ನಲಿಕೆ ಎಂಬ ಪರಿಶಿಷ್ಟ ಜಾತಿಗಳ ಗಂಟಲಲ್ಲಿ ಉಳಿದು ಬಂದದ್ದು. ಅದೇ ವರ್ಷ 'ದಿ ಕಾಶ್ಮೀರ್ ಫೈಲ್ಸ್' ನಡೆಯುತ್ತಿದ್ದಾಗ ಮಂದಿರದ ಒಳಗೇ ಘೋಷಣೆ ಕೂಗಿದ ವೀಡಿಯೋಗಳು ದೇಶದ ತುಂಬ ಹರಿದಾಡಿದವು. ಅದನ್ನು ಪ್ರೇಕ್ಷಕರ ಅಶಿಸ್ತು ಎಂದು ಕರೆದವರು ಕಡಿಮೆ. ಅಂದಮೇಲೆ ನಿಯಮ ಸದ್ದಿನ ಮೇಲಲ್ಲ. ಸದ್ದು ಭಕ್ತಿ ಎನಿಸಿಕೊಂಡರೆ ಸರಿ, ದೇಶಪ್ರೇಮ ಎನಿಸಿಕೊಂಡರೆ ಸರಿ. 'ಜೈ ಭೀಮ್' ಎರಡರಲ್ಲಿ ಯಾವುದೂ ಅಲ್ಲವಾದ್ದರಿಂದ ಅದು ಗಲಾಟೆ.

ದೇಶಪ್ರೇಮದ ಮಾತು ಬಂದದ್ದರಿಂದ ರಾಷ್ಟ್ರಗೀತೆಯ ವಿಷಯ. 2016ರ ನವೆಂಬರ್ 30ರಂದು ಸುಪ್ರೀಂ ಕೋರ್ಟು ಸಿನಿಮಾಕ್ಕೆ ಮುಂಚೆ ರಾಷ್ಟ್ರಗೀತೆ ಹಾಕುವುದು ಕಡ್ಡಾಯ, ಆಗ ಎಲ್ಲರೂ ನಿಲ್ಲಬೇಕು, ಬಾಗಿಲು ಮುಚ್ಚಿರಬೇಕು ಎಂದಿತು. 2018ರ ಜನವರಿ 9ರಂದು ಕಡ್ಡಾಯವನ್ನು ತೆಗೆದು ಮಂದಿರದವರ ಇಚ್ಛೆಗೆ ಬಿಟ್ಟಿತು. ಈ ಆದೇಶಗಳಿಗಿಂತ ಮುಂಚೆಯೇ, 2013ರ 'ಫಂಡ್ರಿ'ಯಲ್ಲಿ, ಮಂಜುಳೆ ಇದರ ಭಾಷ್ಯ ಬರೆದುಬಿಟ್ಟಿದ್ದರು. ಹಂದಿ ಹಿಡಿಯುವ ದಲಿತ ಕುಟುಂಬ ಶಾಲೆಯ ಪಕ್ಕದಲ್ಲಿ ಹಂದಿಯನ್ನು ಇನ್ನೇನು ಹಿಡಿಯಬೇಕು, ಶಾಲೆಯಲ್ಲಿ ರಾಷ್ಟ್ರಗೀತೆ ಶುರುವಾಗುತ್ತದೆ. ಹುಡುಗ ಜಬ್ಯ ನಿಲ್ಲುತ್ತಾನೆ, ಮನೆಯವರೂ ನಿಲ್ಲುತ್ತಾರೆ. ಹಂದಿ ನಿಲ್ಲುವುದಿಲ್ಲ, ತಪ್ಪಿಸಿಕೊಂಡು ಹೋಗುತ್ತದೆ. ಈ ದೇಶದಲ್ಲಿ ಗೌರವ ತೋರಿಸುವ ಖರ್ಚು ಯಾರ ತಲೆಯ ಮೇಲೆ ಬೀಳುತ್ತದೆ ಎಂದು ಇದಕ್ಕಿಂತ ಸರಳವಾಗಿ ಹೇಳುವುದು ಕಷ್ಟ. ಅಪ್ಪ ಗೀತೆಗೆ ನಿಂತ, ಆ ಗೀತೆಯ ದೇಶಕ್ಕೆ ಸಂವಿಧಾನ ಬರೆದವನಿಗೂ ನಿಂತ. ಅವನ ಲೆಕ್ಕದಲ್ಲಿ ಎರಡೂ ಒಂದೇ ನಿಲ್ಲುವಿಕೆ. ಎರಡನ್ನು ಬೇರೆ ಮಾಡಿದವನು ನಾನು.

'ಫಂಡ್ರಿ'ಯ ಕೊನೆಗೆ ಜಬ್ಯ ಅವಮಾನ ತಡೆಯಲಾರದೆ ಕಲ್ಲು ಬೀಸುತ್ತಾನೆ. ಅದು ನೇರ ಕ್ಯಾಮರಾದ ಕಡೆಗೆ, ಅಂದರೆ ನಮ್ಮ ಕಡೆಗೆ ಬರುತ್ತದೆ. ಹಿಂದೆ ಪ್ರೇಕ್ಷಕರು ಪರದೆಗೆ ತೂರಿದ ಕಲ್ಲು ಪರದೆಯೊಳಗಿಂದ ಪ್ರೇಕ್ಷಕರಿಗೆ ಮರಳಿ ಬಂದಂತೆ ನನಗೆ ಅದು ಕಾಣುತ್ತದೆ. ಮಂಜುಳೆ ರೋಸಿಯನ್ನು ನೆನೆದು ಅದನ್ನು ಮಾಡಿದರೆಂದು ನಾನು ಹೇಳುತ್ತಿಲ್ಲ. ದಲಿತ ವಿಮರ್ಶೆ ಇಂಥ ಎರಡು ಕಲ್ಲುಗಳನ್ನು ಅಕ್ಕಪಕ್ಕ ಇಟ್ಟು ನೋಡಬೇಕೆಂದು ಹೇಳುತ್ತಿದ್ದೇನೆ.

5

ಇಲ್ಲಿಗೆ ನಿಲ್ಲಿಸಿದ್ದರೆ ಈ ಲೇಖನ ನನಗೆ ಅನುಕೂಲವಾಗಿರುತ್ತಿತ್ತು. ಕರಡನ್ನು ತಂಗಿಗೆ ಓದಿ ಹೇಳಿದೆ. ಟೆಂಟಿನ ಸಿಳ್ಳೆಯ ಭಾಗ ಕೇಳಿ ಅವಳು ಅಂದಳು: 'ನಿಂಗೆ ಸಿಳ್ಳೆ ಅಂದ್ರೆ ಹಬ್ಬ ಕಣಣ್ಣ. ನಂಗೆ ಸಿಳ್ಳೆ ಅಂದ್ರೆ ಬಸ್ ಸ್ಟ್ಯಾಂಡು.'

ಅವಳು ಹೇಳಿದ್ದು ಸರಿ. ನಮ್ಮ ತಾಲೂಕಿನ ಟಾಕೀಸಿನಲ್ಲಿ ಗಾಂಧಿ ಕ್ಲಾಸಿಗೆ ನಾನು ಒಬ್ಬನೇ ನುಗ್ಗುತ್ತಿದ್ದೆ, ಅವಳನ್ನು ಯಾರೂ ಕಳಿಸುತ್ತಿರಲಿಲ್ಲ. ಪರದೆಯ ಮೇಲೆ ಹೆಣ್ಣಿನ ಸೆರಗು ಎಳೆಯುವಾಗ ಬಿದ್ದ ಸಿಳ್ಳೆಗಳಲ್ಲಿ ನಮ್ಮ ಕೇರಿಯ ಸಿಳ್ಳೆಯೂ ಇತ್ತು. ಕೈ ಎದೆಯ ಮೇಲಿಟ್ಟುಕೊಂಡು ಹೇಳುವುದಾದರೆ ಒಮ್ಮೊಮ್ಮೆ ನನ್ನದೂ ಇತ್ತು. ಮಲ್ಟಿಪ್ಲೆಕ್ಸು ಬಂದ ಮೇಲೆ ತಂಗಿ ತನ್ನ ಗೆಳತಿಯರ ಜೊತೆ, ಅಣ್ಣ ತಮ್ಮ ಯಾರೂ ಇಲ್ಲದೆ, ರಾತ್ರಿ ಆಟ ನೋಡಿ ಬರುತ್ತಾಳೆ. ನನಗೆ ಬಾಯಿ ಮುಚ್ಚಿಸಿದ ಮೌನ ಅವಳಿಗೆ ಕುರ್ಚಿ ಕೊಟ್ಟಿದೆ. ಸದ್ದೆಲ್ಲ ಪ್ರತಿಭಟನೆ, ಮೌನವೆಲ್ಲ ಬ್ರಾಹ್ಮಣ್ಯ ಎಂದು ಬರೆದುಬಿಟ್ಟರೆ ನಾನು ಅವಳನ್ನು ಆ ಕುರ್ಚಿಯಿಂದ ಎಬ್ಬಿಸಿದಂತೆ.

ಎರಡನೆಯ ತೊಡಕು. ಗಾಂಧಿ ಕ್ಲಾಸು ಸಿಳ್ಳೆ ಹಾಕಿದ್ದು ಯಾರಿಗೆ? 2000ದಲ್ಲಿ 'ಯಜಮಾನ' ನಾಡಿನ ತುಂಬ ಓಡಿತು. ಊರಿನಲ್ಲಿ ಯಜಮಾನರನ್ನು ಕಂಡು ಬೇಸತ್ತವರೇ ಪರದೆಯ ಯಜಮಾನನಿಗೆ ಆರತಿ ಎತ್ತಿದರು. ದಲಿತ ಎನ್ನುವವನು ನಮ್ಮ ಸಿನಿಮಾಗಳಲ್ಲಿ ಬಹುಕಾಲ ಬಂದದ್ದು ಆಳಾಗಿ, ಹಾಸ್ಯಕ್ಕಾಗಿ, ಇಲ್ಲವೆ ಉದ್ಧಾರವಾಗುವುದಕ್ಕಾಗಿ. ಎಂ.ಜಿ.ಆರ್. ಬಗ್ಗೆ ಎಂ.ಎಸ್.ಎಸ್. ಪಾಂಡಿಯನ್ 1992ರಲ್ಲೇ ಈ ಕಗ್ಗಂಟನ್ನು ಎತ್ತಿದ್ದರು. ತಮಗೆ ಹೆಚ್ಚೇನೂ ಕೊಡದ ಆಳ್ವಿಕೆಗೆ ಬಡವರೇ ಏಕೆ ಆಧಾರವಾಗಿ ನಿಂತರು, ಅದರಲ್ಲಿ ಪರದೆಯ ಬಿಂಬದ ಕೈವಾಡವೇನು ಎಂದು. ಬಿಡುಗಡೆಯ ದಿನ ಟಾಕೀಸಿನ ಹೊರಗೆ ಬಿಸಿಲಲ್ಲಿ ತಮಟೆ ಬಡಿಯುವವರು ನಮ್ಮ ಹುಡುಗರು, ಕಟೌಟಿಗೆ ಹಾಲೆರೆಯುವವರ ಮಧ್ಯೆ ನಮ್ಮ ಹುಡುಗರು. ಅಪ್ಪ ಕೆಳಗಿಟ್ಟ ತಮಟೆಯನ್ನು ಮೊಮ್ಮಕ್ಕಳ ವಯಸ್ಸಿನವರು ಸ್ಟಾರ್ ಒಬ್ಬನಿಗಾಗಿ ಮತ್ತೆ ಎತ್ತಿಕೊಂಡಿದ್ದಾರೆ. ಇದು ಇಚ್ಛೆಯ ಸದ್ದೋ ಅಪ್ಪಣೆಯ ಸದ್ದೋ? ನನ್ನ ಹತ್ತಿರ ಸಲೀಸಾದ ಉತ್ತರವಿಲ್ಲ. ಆದರೆ ಆ ಸದ್ದಿನೊಳಗೆ ಬರೀ ಮೋಸ ಹೋದವರನ್ನು ಮಾತ್ರ ಕಾಣುವ ವಿಮರ್ಶಕ ಬಾಲ್ಕನಿಯಲ್ಲಿ ಕೂತಿದ್ದಾನೆ ಎಂದಷ್ಟೇ ಹೇಳಬಲ್ಲೆ.

ಮೂರನೆಯದು ಕಾಸಿನ ಮಾತು. ಗಾಂಧಿ ಕ್ಲಾಸು ಇದ್ದ ಟಾಕೀಸುಗಳೇ ಮುಚ್ಚುತ್ತಿವೆ. 1968ರಲ್ಲಿ ಶುರುವಾದ ಬೆಂಗಳೂರಿನ ಕಪಾಲಿ 2017ರಲ್ಲಿ ಮುಚ್ಚಿತು. ನಮ್ಮ ತಾಲೂಕಿನ ಟಾಕೀಸು ಈಗ ಕಲ್ಯಾಣ ಮಂಟಪ. 2025ರ ಸೆಪ್ಟೆಂಬರಿನಲ್ಲಿ ರಾಜ್ಯ ಸರ್ಕಾರ ಟಿಕೆಟ್ಟಿಗೆ 200 ರೂಪಾಯಿಯ ಮಿತಿ ಹಾಕಿತು, ಅದೇ ತಿಂಗಳು ಹೈಕೋರ್ಟು ಅದಕ್ಕೆ ತಡೆ ಕೊಟ್ಟಿತು. ಮಿತಿ ಉಳಿದಿದ್ದರೂ ಕೂಲಿಯವನೊಬ್ಬ ನಾಲ್ಕು ಜನರ ಸಂಸಾರ ಕಟ್ಟಿಕೊಂಡು ಹೋದರೆ ಒಂದು ದಿನದ ಕೂಲಿ ಮುಗಿಯುತ್ತಿತ್ತು. ಹಿಂದೆ ಗಲಾಟೆಯವರನ್ನು ಮುಂದಿನ ಸಾಲಿಗೆ ಕೂರಿಸುತ್ತಿದ್ದರು. ಈಗ 'ಶ್' ಅನ್ನುವ ಶ್ರಮವೂ ಬೇಕಿಲ್ಲ, ಟಿಕೆಟ್ಟಿನ ಕಿಟಕಿಯೇ ಆ ಕೆಲಸ ಮಾಡುತ್ತದೆ.

6

ಹಾಗಾದರೆ ಸದ್ದು ಮೌನಗಳ ನಡುವೆ ಬೇರೆ ದಾರಿಯಿಲ್ಲವೇ? 'ಸೈರಾಟ್' ನನಗೊಂದು ದಾರಿ ತೋರಿಸಿತು. 2016ರಲ್ಲಿ ಅದು ಬಂದಾಗ ಅಜಯ್-ಅತುಲ್ ಸಂಗೀತದ ಹಾಡಿಗೆ ಮಹಾರಾಷ್ಟ್ರದ ಟಾಕೀಸುಗಳಲ್ಲಿ ಜನ ಕುರ್ಚಿ ಬಿಟ್ಟು ಕುಣಿದರು. ನಾನು ಅದನ್ನು ನೋಡಿದ್ದು ಹಾಸ್ಟೆಲಿನ ಕೋಣೆಯಲ್ಲಿ, ಒಂದು ಲ್ಯಾಪ್‌ಟಾಪಿನ ಮುಂದೆ ಎಂಟು ಜನ. ನಮಗೆ ಮರಾಠಿ ಗೊತ್ತಿರಲಿಲ್ಲ, ಆದರೂ ಮಂಚದ ಮೇಲೆ ಹತ್ತಿ ಕುಣಿದೆವು. ಆಮೇಲೆ ಕೊನೆ ಬಂತು. ಆರ್ಚಿಯ ಮನೆಯವರು ಉಡುಗೊರೆ ಹಿಡಿದು ಬರುತ್ತಾರೆ. ಪಕ್ಕದ ಮನೆಯವರು ಮಗುವನ್ನು ಹೊರಗಿಂದ ಕರೆತಂದು ಬಿಡುತ್ತಾರೆ. ಮಗು ಒಳಗೆ ಹೋಗುತ್ತದೆ, ಅಳುತ್ತ ತಿರುಗುತ್ತದೆ, ನೆಲದ ಮೇಲೆ ರಕ್ತದ ಪುಟ್ಟ ಹೆಜ್ಜೆಗಳು. ಸಿನಿಮಾ ತನ್ನ ಸದ್ದನ್ನೆಲ್ಲ ವಾಪಸು ತೆಗೆದುಕೊಂಡುಬಿಟ್ಟಿರುತ್ತದೆ. ಕೋಣೆಯಲ್ಲಿ ಯಾರೂ ಮಾತಾಡಲಿಲ್ಲ. ನಮ್ಮಲ್ಲೊಬ್ಬ ಮೇಲುಜಾತಿಯ ಹುಡುಗಿಯನ್ನು ಪ್ರೀತಿಸುತ್ತಿದ್ದ. ಅವನು ಎದ್ದು ಹೊರಗೆ ಹೋದ.

ಆ ಮೌನವನ್ನು ಯಾರೂ ನಮ್ಮ ಮೇಲೆ ಹೇರಲಿಲ್ಲ. ಮೊದಲು ನಮ್ಮನ್ನು ಕುಣಿಸಿ, ನಮ್ಮ ಸದ್ದನ್ನು ಪೂರ್ತಿ ಒಪ್ಪಿಕೊಂಡು, ಆಮೇಲೆ ಕೃತಿಯೇ ನಮ್ಮನ್ನು ಮೌನಕ್ಕೆ ತಂದು ನಿಲ್ಲಿಸಿತು. ಭರತ ದೈವಿಕಿ ಅಂದದ್ದು ಇಂಥದ್ದನ್ನೇ ಇರಬಹುದು. ನಾನದನ್ನೂ ಮಾನುಷಿ ಎಂದೇ ಕರೆಯುತ್ತೇನೆ. ಪಕ್ಕದವನು 'ಶ್' ಎಂದು ಕೇಳುವ ಮೌನ ಬೇರೆ, ಕೃತಿ ತನ್ನ ಕಷ್ಟದಿಂದ ಗಳಿಸಿಕೊಳ್ಳುವ ಮೌನ ಬೇರೆ. ಮೊದಲನೆಯದು ಜಾಗ ಯಾರದು ಎಂದು ಹೇಳುತ್ತದೆ. ಎರಡನೆಯದು ನೋವು ಯಾರದು ಎಂದು ಹೇಳುತ್ತದೆ. ಹಾಗೆಯೇ ಸದ್ದಿನಲ್ಲೂ ಎರಡಿವೆ. ದುರ್ಬಲರ ಮೈಮೇಲೆ ಬೀಳುವ ಸದ್ದು, ದುರ್ಬಲರ ಎದೆಯಿಂದ ಏಳುವ ಸದ್ದು. ಇವನ್ನು ಬಿಡಿಸಿ ಕೇಳಿಸಿಕೊಳ್ಳುವ ಕಿವಿ ಬೆಳೆಸಿಕೊಳ್ಳುವುದು ದಲಿತ ವಿಮರ್ಶೆಯ ಕೆಲಸಗಳಲ್ಲಿ ಒಂದು. ಸಹೃದಯನಿಗೆ ಹೃದಯವಿದೆ ಎಂದು ಶಾಸ್ತ್ರ ಹೇಳಿತು. ಅವನ ಕಿವಿಯ ಬಗ್ಗೆ ನಾವು ಕೇಳಬೇಕು.

ನಾನು 'ಶ್' ಅಂದದ್ದು ಏಕೆ ಎಂಬ ಪ್ರಶ್ನೆಗೆ ಬರುತ್ತೇನೆ. ಹಿಂದಿನ ಸಾಲಿನವರು ತಿರುಗಿ ನೋಡಿದರೆ ನಾವು ಯಾರೆಂದು ಗೊತ್ತಾಗುತ್ತದೆ ಎಂಬ ಭಯ ಅದು. ಮೈಸೂರಿಗೆ ಬಂದು ಆರು ವರ್ಷ ನಾನು ಬಾಡಿಗೆ ಮನೆಗಾಗಿ, ಮೆಸ್ಸಿಗಾಗಿ, ಸ್ಟಾಫ್ ರೂಮಿಗಾಗಿ ನನ್ನ ದನಿಯನ್ನು ತಗ್ಗಿಸುತ್ತ ಬಂದಿದ್ದೆ. ಭಾಷೆ ತಿದ್ದಿಕೊಂಡಿದ್ದೆ. ಟೆಂಟಿನ ಕತ್ತಲು ಅಪ್ಪನನ್ನು ಬಚ್ಚಿಟ್ಟು ಅವನ ದನಿಯನ್ನು ಹೊರಗೆ ತಂದಿತ್ತು. ಮಲ್ಟಿಪ್ಲೆಕ್ಸಿನ ಕತ್ತಲಲ್ಲಿ ನಾನು ನನ್ನ ಜೊತೆ ದನಿಯನ್ನೂ ಬಚ್ಚಿಟ್ಟುಕೊಂಡಿದ್ದೆ. ಅಪ್ಪ ಒಂದೇ ಕೂಗಿನಲ್ಲಿ ಅದನ್ನು ಬಯಲು ಮಾಡಿದ. ಅದಕ್ಕೇ ಎಳೆದೆ.

ಅಪ್ಪ ಮತ್ತೆ ಮಲ್ಟಿಪ್ಲೆಕ್ಸಿಗೆ ಬಂದಿಲ್ಲ. ಕರೆದರೆ 'ಬ್ಯಾಡ ಬುಡು, ಅಲ್ಲಿ ನೀನು ಹೆದರ್ಕತೀಯ' ಅನ್ನುತ್ತಾನೆ. ಈಗ ಅವನು ಸಿನಿಮಾ ನೋಡುವುದು ಮನೆಯ ಜಗಲಿಯಲ್ಲಿ, ಮೊಬೈಲನ್ನು ಚೊಂಬಿಗೆ ಒರಗಿಸಿಕೊಂಡು, ಸದ್ದು ಪೂರ್ತಿ ಕೊಟ್ಟು. ಸುತ್ತ ಐದಾರು ಜನ ಕೂರುತ್ತಾರೆ, ಪಾತ್ರಗಳ ಜೊತೆ ಮಾತಾಡುತ್ತಾರೆ, ಬೈಯುತ್ತಾರೆ, ಅಳುತ್ತಾರೆ. ಹೋದ ತಿಂಗಳು ಊರಿಗೆ ಹೋದಾಗ ನಾನೂ ಅಲ್ಲಿ ಕೂತೆ. ನಡುವೆ ನಾನೇನೋ ವಿಮರ್ಶೆ ಶುರು ಮಾಡಿದೆ. ಅಪ್ಪ ಪರದೆಯಿಂದ ಕಣ್ಣು ತೆಗೆಯದೆ ನನ್ನ ಮಂಡಿಯ ಮೇಲೆ ಕೈಯಿಟ್ಟು 'ಶ್' ಅಂದ. ಎಲ್ಲರೂ ನಕ್ಕರು. ನಾನು ಸುಮ್ಮನಾದೆ.